ಯಶವಂತಪುರದ ಗೂಡ್ಸ್ ಶೆಡ್ಡಿಗೆ ರೋಲರ್ ಬಂದ ಮಳೆಗಾಲ

ಮೊನ್ನೆ ಸುರಿದ ಮಳೆಗೆ ಆರ್.ಟಿ. ನಗರದ ಮಗಳ ಮನೆಯ ಬಾಗಿಲಲ್ಲಿ ನೀರು ನುಗ್ಗಿತು. ಅಳಿಯ ಎಲ್ಲಿಂದಲೋ ಎರಡು ಹಳೇ ಗೋಣಿಚೀಲ ತಂದು ಹೊಸ್ತಿಲಿಗೆ ಹಾಸಿದ. ಸ್ವಲ್ಪ ಹೊತ್ತಿಗೆಲ್ಲ ಒದ್ದೆ ಗೋಣಿಯ ವಾಸನೆ ನಡುಮನೆಯ ತುಂಬ ಹರಡಿಕೊಂಡಿತು. ಮಗಳು ಮೂಗು ಮುಚ್ಚಿಕೊಂಡು ಊದುಬತ್ತಿ ಹಚ್ಚಿದಳು. ನಾನು ಕುರ್ಚಿಯನ್ನು ಇನ್ನಷ್ಟು ಬಾಗಿಲ ಕಡೆಗೆ ಎಳೆದುಕೊಂಡೆ. "ಅಲ್ಲಪ್ಪ, ಆ ಗಬ್ಬುವಾಸನೇಲಿ ಏನಿದೆ ಅಂತ ಅಲ್ಲೇ ಹೋಗಿ ಕೂತ್ಕೋತೀರ?" ಅಂದಳು. ಹೇಳಲು ಹೊರಟರೆ 'ಶುರುವಾಯ್ತು ರೈಲ್ವೆ ಪುರಾಣ' ಎಂದು ಎದ್ದು ಹೋಗುತ್ತಾಳೆ. ಅದಕ್ಕೇ ಬರೆಯಲು ಕುಳಿತಿದ್ದೇನೆ. ಓದುವವರು ನಡುವೆ ಎದ್ದು ಹೋದರೂ ನನಗೆ ಕಾಣುವುದಿಲ್ಲವಲ್ಲ.

ಅರವತ್ತರ ದಶಕದ ಮೊದಲ ವರ್ಷಗಳ ಮಾತು. ನನಗೆ ಇಪ್ಪತ್ತಮೂರು ವಯಸ್ಸು. ಯಶವಂತಪುರದ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತನಾಗಿ ಸೇರಿ ಹತ್ತು ತಿಂಗಳಾಗಿತ್ತು. ಇನ್ನೆರಡು ತಿಂಗಳು ಕಳೆದರೆ ಪ್ರೊಬೇಷನ್ ಮುಗಿದು ಕೆಲಸ ಖಾಯಂ ಆಗುತ್ತಿತ್ತು. ಮತ್ತಿಕೆರೆಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅಮ್ಮ, ನಾನು, ಇಬ್ಬರು ತಂಗಿಯರು. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ನಾನು ಖಾಯಂ ಆದ ವಾರವೇ ಸತ್ಯನಾರಾಯಣ ಪೂಜೆ ಮಾಡಿಸುವುದೆಂದು ಅಮ್ಮ ಆಗಲೇ ಪುರೋಹಿತರಿಗೆ ಹೇಳಿಟ್ಟಿದ್ದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ನಮ್ಮಮ್ಮ ಎತ್ತಿದ ಕೈ.

ಆಗ ಶೆಡ್ಡಿನ ಆಚೆಗೆ ನಿಂತರೆ ಹೆಬ್ಬಾಳದ ಕಡೆಯವರೆಗೂ ರಾಗಿ ಹೊಲ, ನಡುವೆ ಅಲ್ಲೊಂದು ಇಲ್ಲೊಂದು ಹೊಸ ಕಾರ್ಖಾನೆಯ ಚಿಮಣಿ ಕಾಣುತ್ತಿತ್ತು. ಒಂದು ಕಡೆ ಅರಸೀಕೆರೆಯ ದಾರಿಯ ಮೀಟರ್ ಗೇಜ್ ವ್ಯಾಗನ್ನುಗಳು, ಇನ್ನೊಂದು ಕಡೆ ಯಲಹಂಕದ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗುವ ಪುಟ್ಟ ರೈಲು. ಉಪ್ಪು, ಸಿಮೆಂಟು, ಮೆಣಸಿನಕಾಯಿ, ಬೆಲ್ಲ, ಹಸುವಿನ ಕೊಂಬು, ಹೊಲಿಗೆ ಯಂತ್ರ, ಎಲ್ಲವೂ ಆ ತಗಡಿನ ಸೂರಿನಡಿ ಒಂದು ರಾತ್ರಿಯಾದರೂ ಮಲಗಿ ಹೋಗುತ್ತಿದ್ದವು.

ಸಾಮಾನು ರೈಲು ಹತ್ತಬೇಕಾದರೆ ಮೊದಲು ಅದು ಏನು ಎಂಬುದು ತೀರ್ಮಾನವಾಗಬೇಕು. ಇದೇನು ಮಹಾ ಎಂದು ನಾನೂ ಅಂದುಕೊಂಡಿದ್ದೆ. ಅದಕ್ಕೊಂದು ದಪ್ಪ ಪುಸ್ತಕವಿತ್ತು, ಟ್ಯಾರಿಫ್ ಎನ್ನುತ್ತಿದ್ದೆವು. ಲೋಕದಲ್ಲಿರುವ ಸಕಲ ವಸ್ತುಗಳೂ ಅದರಲ್ಲಿ ಹೆಸರು ಹಿಡಿದು ಸಾಲಾಗಿ ನಿಂತಿದ್ದವು. ಮೂಳೆ ಬೇರೆ, ಮೂಳೆಪುಡಿ ಬೇರೆ. ಖಾಲಿ ಡಬ್ಬ ಬೇರೆ, ತುಂಬಿದ್ದು ಬೇರೆ. ಪ್ರತಿಯೊಂದಕ್ಕೂ ಒಂದು ವರ್ಗ, ವರ್ಗಕ್ಕೆ ತಕ್ಕ ಬಾಡಿಗೆ, ಅದರ ಮುಂದೆ ಅದನ್ನು ಹೇಗೆ ಕಟ್ಟಿ ತರಬೇಕೆಂಬ ನಿಯಮ. ರಾತ್ರಿ ಊಟವಾದ ಮೇಲೆ ಜನ ಕಾದಂಬರಿ ಓದುವಂತೆ ನಾನು ಅದನ್ನು ಓದುತ್ತಿದ್ದೆ. ಯಾರೋ ಪುಣ್ಯಾತ್ಮರು ಕುಳಿತು ಇಡೀ ಪ್ರಪಂಚವನ್ನು ಹೀಗೆ ವಿಂಗಡಿಸಿದ್ದಾರಲ್ಲ ಎಂದು ಮೈ ಜುಮ್ಮೆನ್ನುತ್ತಿತ್ತು.

ಹೆಡ್ ಗುಮಾಸ್ತ ವೆಂಕಟರಾಯರಿಗೆ ಆ ಪುಸ್ತಕ ಬಾಯಿಪಾಠ. ಮೂಗಿಗೆ ನಶ್ಯ, ಕಣ್ಣಿಗೆ ಸೋಡಾ ಬುಡ್ಡಿಯ ಕನ್ನಡಕ. "ವಸ್ತು ಏನು ಅಂತ ಹೇಳೋನು ನೀನಲ್ಲ, ಪುಸ್ತಕ. ನೀನು ಬರೀ ಪರಿಚಯ ಮಾಡಿಸೋನು ಕಣಯ್ಯಾ," ಎಂದು ಮೊದಲ ದಿನವೇ ಹೇಳಿದ್ದರು. ಈ ಮಾತನ್ನು ನಾನು ಬೇಕಾದ್ದಕ್ಕಿಂತ ಹೆಚ್ಚು ನಂಬಿದೆ.

ಆ ರೋಲರ್ ಬಂದದ್ದು ಜೂನ್ ತಿಂಗಳ ಒಂದು ಮಧ್ಯಾಹ್ನ. ತುಮಕೂರು ರಸ್ತೆಯ ಬದಿಯಲ್ಲಿ ಶಿವರಾಮಯ್ಯ ಎಂಬುವರ ಒಂದು ವರ್ಕ್‌ಶಾಪ್ ಇತ್ತು. ದಾವಣಗೆರೆ ಕಡೆಯ ಒಂದು ಬಟ್ಟೆ ಗಿರಣಿಯವರು ಬಟ್ಟೆಗೆ ಹೊಳಪು ಕೊಡುವ ಉಕ್ಕಿನ ರೋಲರನ್ನು ಅವರಲ್ಲಿ ಮಾಡಿಸಿದ್ದರು. ಅಲ್ಲಿಯವರೆಗೆ ಅಂಥವು ಹಡಗಿನಲ್ಲಿ ಹೊರದೇಶದಿಂದ ಬರುತ್ತಿದ್ದವಂತೆ. ಇದೊಂದು ಸರಿಯಾಗಿ ತಲುಪಿದರೆ ಇನ್ನೂ ಎರಡಕ್ಕೆ ಮಾತಾಗಿತ್ತು. ಎರಡು ಜೊತೆ ಎತ್ತು ಕಟ್ಟಿದ ಬಂಡಿಯಲ್ಲಿ, ಆಳಿಗಿಂತ ಉದ್ದದ ಮರದ ಚೌಕಟ್ಟಿನೊಳಗೆ ಅದು ಬಂತು. ಬಂಡಿಯ ಪಕ್ಕದಲ್ಲಿ ನಡೆದುಕೊಂಡು ಬಂದವನು ಮುನಿಯಪ್ಪ.

ಮುನಿಯಪ್ಪ ಕೋಗಿಲು ಹಳ್ಳಿಯವನು, ಅರವತ್ತರ ಹತ್ತಿರ ಹತ್ತಿರ. ಅವನ ಮನೆತನದವರು ಬಂಡಿ, ನೊಗ, ಚಕ್ರ ಮಾಡುವವರು. ಲಾರಿಗಳು ಬಂದ ಮೇಲೆ ಬಂಡಿ ಮಾಡಿಸುವವರು ಕಡಿಮೆಯಾಗಿ, ಶಿವರಾಮಯ್ಯನವರ ಸಾಮಾನುಗಳಿಗೆ ಪೆಟ್ಟಿಗೆ ಕಟ್ಟುವುದೇ ಅವನ ಜೀವನವಾಗಿತ್ತು. ಆ ಕಾಲದಲ್ಲಿ ಶೆಡ್ಡಿಗೆ ಬರುವ ಬಂಡಿಯವರನ್ನು, ಹಮಾಲಿಗಳನ್ನು ವಯಸ್ಸು ನೋಡದೆ ಏಕವಚನದಲ್ಲಿ ಕರೆಯುವುದು ರೂಢಿ. ಮೀಸೆ ಸರಿಯಾಗಿ ಬಾರದ ನಾನೂ ಹಾಗೇ ಕರೆಯುತ್ತಿದ್ದೆ.

ನಮ್ಮ ಶೆಡ್ಡಿನಲ್ಲಿ ಕ್ರೇನ್ ಇರಲಿಲ್ಲ. ಅಷ್ಟು ಭಾರದ ಉಕ್ಕನ್ನು ಬಂಡಿಯಿಂದ ಕಟ್ಟೆಗೆ ಇಳಿಸುವುದು ಹೇಗೆಂದು ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಮುನಿಯಪ್ಪ ಎರಡು ತೊಲೆ ಓರೆಯಾಗಿ ಇಟ್ಟ. ತೆಂಗಿನ ನಾರಿನ ಹಗ್ಗ ಸುತ್ತಿ ಆರು ಜನ ಹಮಾಲಿಗಳ ಕೈಗೆ ಕೊಟ್ಟ. ಸಾಮಾನ್ಯವಾಗಿ ಭಾರ ಇಳಿಸುವಾಗ ಶೆಡ್ಡು ಹಾರಿಹೋಗುವಂತೆ ಕೂಗಾಟವಿರುತ್ತದೆ. ಅವನು ಕೂಗಲಿಲ್ಲ. ಕೈಯಲ್ಲಿದ್ದ ಕೋಲಿನಿಂದ ತೊಲೆಯನ್ನು ಒಮ್ಮೆ ತಟ್ಟಿದರೆ ಹಗ್ಗ ಸಡಿಲ, ಎರಡು ಸಲ ತಟ್ಟಿದರೆ ಬಿಗಿ. ಹಮಾಲಿಗಳ ಕಣ್ಣೆಲ್ಲ ಆ ಕೋಲಿನ ಮೇಲೆ. ಉಕ್ಕು ಒಂದಿಷ್ಟೂ ಸದ್ದಿಲ್ಲದೆ ಜಾರಿಕೊಂಡು ಬಂದು ಕಟ್ಟೆಯ ಮೇಲೆ ಕುಳಿತಿತು. ಇವತ್ತು ದೊಡ್ಡ ದೊಡ್ಡ ಯಂತ್ರಗಳು ಮೇಲ್ಸೇತುವೆಯ ತುಂಡುಗಳನ್ನು ಎತ್ತಿಡುವುದನ್ನು ನೋಡಿದ್ದೇನೆ. ಅಂದಿನಷ್ಟು ಬೆರಗು ಆಗಿಲ್ಲ.

ಪರೀಕ್ಷೆಗೆಂದು ಒಂದು ಹಲಗೆ ತೆಗೆಸಿದೆವು. ಎಣ್ಣೆಕಾಗದ ಸರಿಸಿ, ಬಳಿದಿದ್ದ ಗ್ರೀಸನ್ನು ಅವನು ಬೆರಳಗಲ ಒರೆಸಿ ತೋರಿಸಿದ. ಅಷ್ಟು ಜಾಗದಲ್ಲೇ ನನ್ನ ಕಣ್ಣು, ಮೇಲಿನ ತಗಡಿನ ತೂತು, ತೊಲೆಯ ಮೇಲೆ ಕೂತ ಗುಬ್ಬಚ್ಚಿ ಎಲ್ಲ ಸ್ಪಷ್ಟವಾಗಿ ಕಂಡವು. ಕಬ್ಬಿಣ ಅಂದರೆ ತುಕ್ಕು ಬಣ್ಣದ್ದು ಎಂದು ತಿಳಿದಿದ್ದವನು ಬಗ್ಗಿ ಇನ್ನೊಮ್ಮೆ ನೋಡಿದೆ. ರೋಲರಿನ ಎರಡು ತುದಿಯ ಕತ್ತುಗಳನ್ನು ಮಾತ್ರ ಕೊರೆದ ಮರದ ಗದ್ದುಗೆಗಳ ಮೇಲೆ ಕೂರಿಸಿದ್ದ. ನಡುವಿನ ಮೈ ಎಲ್ಲೂ ಮರಕ್ಕೆ ತಾಗದೆ ಗಾಳಿಯಲ್ಲಿ ನಿಂತಿತ್ತು.

"ಮೈ ಮುಟ್ಟಬಾರ್ದು ಸಾಮಿ," ಅಂದ ಮುನಿಯಪ್ಪ. "ಅಸುಗೂಸು ಎತ್ತೋವಾಗ ಕತ್ತಿಗೆ ಕೈ ಕೊಡಲ್ವಾ, ಅಂಗೆ."

ವರ್ಗದ ಪ್ರಶ್ನೆ ಬಂತು. ಅಷ್ಟರಲ್ಲಿ ಬಂದು ನಿಂತಿದ್ದ ಶಿವರಾಮಯ್ಯನವರಿಗೆ ಅದನ್ನು ಕಬ್ಬಿಣದ ಕಂಬಿ ಎಂದು ಬರೆಸುವ ಆಸೆ, ಬಾಡಿಗೆ ಕಡಿಮೆ. ವೆಂಕಟರಾಯರು ಕನ್ನಡಕ ತೆಗೆದು, ಬಗ್ಗಿ, ಆ ಬೆರಳಗಲದಲ್ಲಿ ತಮ್ಮ ಮುಖ ನೋಡಿಕೊಂಡರು. "ಮುಖ ಕಾಣೋ ವಸ್ತುವನ್ನ ಕಂಬಿ ಅಂತ ಬರೆದ್ರೆ ನನ್ನ ಕೈ ಸೇದಿಹೋಗುತ್ತೆ ಕಣ್ರೀ. ಇದು ಯಂತ್ರದ ಭಾಗ. ರೈಲ್ವೆ ಜವಾಬ್ದಾರೀಲೇ ಕಳಿಸಿ, ದಾರೀಲಿ ಕೆಟ್ರೆ ನಾವೇ ಹೊಣೆ," ಎಂದು ತೀರ್ಪು ಕೊಟ್ಟು ಒಳಗೆ ಹೋದರು. ಶಿವರಾಮಯ್ಯನವರೂ ಹೊರಟುಹೋದರು. ಉಳಿದದ್ದನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು.

ನಾನು ಪುಸ್ತಕ ತೆಗೆದೆ. ಆ ವರ್ಗಕ್ಕೆ ಮರದ ಚೌಕಟ್ಟು ಇರಬೇಕು, ಸರಿ. ನಯ ಮಾಡಿದ ಭಾಗಕ್ಕೆ ಗೋಣಿ ಸುತ್ತಿರಬೇಕು ಎಂದೂ ಇತ್ತು. ಗೋಣಿ ಇರಲಿಲ್ಲ.

"ಗೋಣಿ ಸುತ್ತಬೇಕು, ಮುನಿಯಪ್ಪ."

"ಮೈಗೆ ಏನೂ ತಾಗಬಾರ್ದು ಅಂತ್ಲೇ ಇಂಗೆ ಮಾಡಿರೋದು ಸಾಮಿ. ಗೋಣಿ ಸುತ್ತಿ ಅಗ್ಗ ಬಿಗಿದ್ರೆ ಗ್ರೀಸು ಕಿತ್ಕಂಡೋಯ್ತದೆ."

"ಪುಸ್ತಕದಲ್ಲಿ ಇದೆ."

ಅವನು ಪುಸ್ತಕವನ್ನೊಮ್ಮೆ ನನ್ನನ್ನೊಮ್ಮೆ ನೋಡಿದ. ಆ ನೋಟದಲ್ಲಿ ಅಸಡ್ಡೆ ಇರಲಿಲ್ಲ, ಅಷ್ಟು ದಪ್ಪ ಪುಸ್ತಕದಲ್ಲಿ ಏನೋ ಕಾರಣ ಇರಲೇಬೇಕು ಎಂಬ ಗೌರವವೇ ಇತ್ತು. ಆದರೆ ಗೋಣಿ ತಂದಿಲ್ಲವಲ್ಲ, ವರ್ಕ್‌ಶಾಪಿಗೆ ಹೋಗಿ ತರುವಷ್ಟರಲ್ಲಿ ವ್ಯಾಗನ್ನಿನ ಬಾಗಿಲು ಮುಚ್ಚುತ್ತದೆ. ನನಗೆ ಉಪಕಾರ ಮಾಡುವ ಹುಮ್ಮಸ್ಸು ಬಂತು. ಶೆಡ್ಡಿನ ಹಿಂದಿನ ಬೇಲಿಯ ಮೇಲೆ ನಾಲ್ಕು ಚೀಲಗಳು ಒಣಗುತ್ತಿದ್ದವು. ಯಾರೋ ವರ್ತಕರು ಬಿಟ್ಟುಹೋದವು. ಮಳೆಗೆ ನೆನೆದು ಬಿಸಿಲಿಗೆ ಒಣಗಿ, ಶೆಡ್ಡಿನಲ್ಲಿದ್ದ ಎಲ್ಲ ಚೀಲಗಳಿಗಿಂತ ಬೆಳ್ಳಗೆ, ಗರಿಗರಿಯಾಗಿದ್ದವು. ವಾರಸುದಾರರಿಲ್ಲದ ಚೀಲವನ್ನು ಶೆಡ್ಡಿನ ರಿಜಿಸ್ಟರಿನಲ್ಲಿ ದಾಖಲು ಮಾಡದೆ ಕೊಡುವಂತಿರಲಿಲ್ಲ. ನಾಲ್ಕು ಚಿಂದಿ ಚೀಲಕ್ಕೆ ಏನು ದಾಖಲೆ ಎಂದು ನಾನೇ ಹೋಗಿ ಎಳೆದು ತಂದು ಕೊಟ್ಟೆ. ಅವನು ಸುತ್ತಿದ. ಹಗ್ಗ ಬಿಗಿದ. 'ಪ್ಯಾಕಿಂಗ್ ನಿಯಮದಂತೆ ಇದೆ' ಎಂದು ನಾನು ದೊಡ್ಡ ಅಕ್ಷರದಲ್ಲಿ ಬರೆದೆ. ಸಂಜೆ ವ್ಯಾಗನ್ ಹೊರಟಿತು. ರಾತ್ರಿ ಅಮ್ಮನಿಗೆ, "ಇವತ್ತು ಕನ್ನಡಿಯಂಥ ಉಕ್ಕು ಕಳಿಸಿದೆ," ಎಂದು ಹೇಳಿಕೊಂಡೆ.

ಆ ಸಲ ಮಳೆ ಹಿಡಿದದ್ದು ಬಿಡಲಿಲ್ಲ. ವ್ಯಾಗನ್ ದಾರಿಯ ಯಾವುದೋ ಯಾರ್ಡಿನಲ್ಲಿ ವಾರಗಟ್ಟಲೆ ನಿಂತಿತಂತೆ. ಆಷಾಢ ಮುಗಿಯುವ ಹೊತ್ತಿಗೆ ಅದೇ ಚೌಕಟ್ಟು ನಮ್ಮ ಶೆಡ್ಡಿಗೆ ವಾಪಸ್ಸು ಬಂತು. ಗಿರಣಿಯವರು ಬೇಡವೆಂದಿದ್ದರು.

ಶಿವರಾಮಯ್ಯ, ವೆಂಕಟರಾಯರು, ಮುನಿಯಪ್ಪ, ನಾನು ಸುತ್ತ ನಿಂತೆವು. ಗೋಣಿ ಬಿಚ್ಚಿದೆವು. ಕನ್ನಡಿ ಇದ್ದ ಕಡೆಯೆಲ್ಲ ತುಕ್ಕು ಕೊರೆದಿತ್ತು. ಸುಮ್ಮನೆ ಹರಡಿದ ತುಕ್ಕಲ್ಲ ಅದು. ಹಗ್ಗ ಬಿಗಿದ ಜಾಗದಲ್ಲೆಲ್ಲ ಗೋಣಿಯ ನೇಯ್ಗೆ, ಅಡ್ಡ ಎಳೆ, ಉದ್ದ ಎಳೆ, ಒಂದು ಹೊಲಿಗೆಯ ಗೆರೆ ಸಮೇತ, ಉಕ್ಕಿನ ಮೇಲೆ ಅಚ್ಚಾಗಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಎದೆ ಒಡೆಯುವ ಆ ಹೊತ್ತಿನಲ್ಲೂ ನನಗೆ ಅದು ಅದ್ಭುತವಾಗಿ ಕಂಡಿತು. ಅಷ್ಟು ಗಟ್ಟಿ ಉಕ್ಕು ಅಷ್ಟು ಮೆತ್ತಗಿನ ಗೋಣಿಯನ್ನು ಹೀಗೆ ನೆನಪಿಟ್ಟುಕೊಂಡಿದೆಯಲ್ಲ ಎಂದು ನೋಡುತ್ತಲೇ ಇದ್ದೆ.

"ನಿಮ್ಮ ವ್ಯಾಗನ್ ಸೋರಿದೆ. ಕ್ಲೇಮ್ ಹಾಕ್ತೀನಿ," ಅಂದರು ಶಿವರಾಮಯ್ಯ.

"ಪಕ್ಕದಲ್ಲೇ ಇದ್ದ ಸಕ್ಕರೆ ಮೂಟೆ ನೆಂದಿಲ್ಲ ಸ್ವಾಮಿ," ಅಂದರು ರಾಯರು.

ಇವರಿಬ್ಬರೂ ವಾದಿಸುತ್ತಿರುವಾಗ ಮುನಿಯಪ್ಪ ಕೆಳಗೆ ಕುಕ್ಕರುಗಾಲಲ್ಲಿ ಕೂತ. ಗೋಣಿಯ ಒಂದು ಮಡಿಕೆಯನ್ನು ಬೆರಳಿನಿಂದ ಉಜ್ಜಿ, ಆ ಬೆರಳನ್ನು ನಾಲಿಗೆಗೆ ಇಟ್ಟುಕೊಂಡ. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದ. ಸಿಟ್ಟಿನ ನೋಟವಲ್ಲ. ಎದ್ದು ಹೋಗಿ ಕಟ್ಟೆಯಾಚೆ ಉಗಿದು ಬಂದ.

"ಏನೋ ಮುನಿಯಪ್ಪ?" ಎಂದು ಶಿವರಾಮಯ್ಯ ಕೇಳಿದರು.

"ಗೋಣಿ ಸುತ್ತಿದ್ದು ನಾನಲ್ವಾ ಬುದ್ಧಿ," ಎಂದಷ್ಟೇ ಹೇಳಿ ಟವಲು ಹೆಗಲಿಗೆ ಹಾಕಿಕೊಂಡ.

ಎಲ್ಲರೂ ಹೋದ ಮೇಲೆ ನಾನೂ ಅದೇ ಮಡಿಕೆಯನ್ನು ಉಜ್ಜಿ ಬೆರಳು ಬಾಯಿಗಿಟ್ಟೆ. ಉಪ್ಪು. ಅವು ಉಪ್ಪಿನ ಮೂಟೆಯ ಚೀಲಗಳು. ಬೇಲಿಯ ಮೇಲೆ ಅಷ್ಟು ಬೆಳ್ಳಗೆ ಗರಿಗರಿಯಾಗಿ ಕಂಡದ್ದು ಅದಕ್ಕೇ. ಎಷ್ಟು ಮಳೆಗೆ ನೆಂದರೂ ಎಳೆಯೊಳಗೆ ಉಪ್ಪು ಉಳಿದಿತ್ತು, ತೇವದ ಗಾಳಿ ಸೋಕಿದಾಗಲೆಲ್ಲ ಕರಗಿ ಉಕ್ಕನ್ನು ತಿಂದಿತ್ತು. ನಿತ್ಯ ಉಪ್ಪಿನ ವ್ಯಾಗನ್ ಎಣಿಸುವ ನನಗೆ ಅದು ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಶಿವರಾಮಯ್ಯ ಮುನಿಯಪ್ಪನಿಗೆ ಕೆಲಸ ಕೊಡುವುದನ್ನು ನಿಲ್ಲಿಸಿದರು. ಪೇಟೆಯಿಂದ ಬೇರೆ ಬಡಗಿಯನ್ನು ಕರೆಸುತ್ತಾರಂತೆ ಎಂದು ಹಮಾಲಿಗಳು ಮಾತಾಡಿಕೊಂಡರು. ಕೋಗಿಲಿನ ಮುದುಕ ಕಟ್ಟಿದ ಪೆಟ್ಟಿಗೆ ವಾಪಸ್ಸು ಬಂತು ಎಂಬ ಸುದ್ದಿ ತುಮಕೂರು ರಸ್ತೆಯ ಉಳಿದ ಕಾರ್ಖಾನೆಗಳಿಗೂ ಹಬ್ಬಿತು. ನಾನು ಬಾಯಿ ಬಿಟ್ಟರೆ ಅವನ ಹೆಸರು ಉಳಿಯುತ್ತದೆ, ನನ್ನ ಕೆಲಸ ಹೋಗುತ್ತದೆ. ಬಿಡದಿದ್ದರೆ ತಿರುಗುಮುರುಗು. ಲೆಕ್ಕ ಇಷ್ಟೇ, ಕಷ್ಟದ್ದೇನಲ್ಲ. ಆದರೂ ನಾಳೆ ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಮೂರು ವಾರ ತಳ್ಳಿದೆ. ಒಂದು ದಿನ ತಂಗಿ ಏನೋ ಕದ್ದು ತಿಂದು ಸಿಕ್ಕಿಬಿದ್ದಾಗ ಅಮ್ಮ, "ಉಪ್ಪು ತಿಂದೋರು ನೀರು ಕುಡೀಲೇಬೇಕು," ಎಂದು ಬೈದಳು. ಊಟಕ್ಕೆ ಕೂತಿದ್ದ ನಾನು ಅರ್ಧಕ್ಕೇ ಕೈ ತೊಳೆದು ಎದ್ದೆ.

ಆಮೇಲೆ ಕ್ಲೇಮ್ಸ್ ಆಫೀಸಿನಿಂದ ಕಾಗದ ಬಂತು. ಪ್ಯಾಕ್ ಮಾಡಿದವನ ಹೇಳಿಕೆ ಬರೆಸಿಕೊಂಡು ಕಳಿಸಿ ಎಂದಿತ್ತು. ರಾಯರು ಮುನಿಯಪ್ಪನಿಗೆ ಹೇಳಿ ಕಳಿಸಿದರು. ಅವನಿಗೆ ಓದುಬರಹ ಬರುತ್ತಿರಲಿಲ್ಲ. ರಾಯರಿಗೆ ಮೋಡದ ದಿನ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. "ನೀನೇ ಬರ್ಕೋ ಕಣಯ್ಯಾ," ಎಂದರು. ಹೀಗೆ, ತಪ್ಪು ಮಾಡಿದವನೇ ಬರೆದುಕೊಳ್ಳಲು ಕೂತೆ.

ಮುನಿಯಪ್ಪ ಕಂಬಕ್ಕೆ ಒರಗದೆ ನೆಟ್ಟಗೆ ನಿಂತು ಹೇಳಿದ. "ಗೋಣಿ ಸುತ್ತಬೇಕು ಅಂತ ಪುಸ್ತಕದಲ್ಲಿ ಅದೆ ಅಂದ್ರು. ಸುತ್ತಿದೆ. ಉಪ್ಪಿನ ಚೀಲ ಅನ್ನೋದು ನೋಡ್ನಿಲ್ಲ. ನೋಡ್ಬೇಕಾಗಿತ್ತು. ತಪ್ಪು ನಂದು. ಅಷ್ಟೇ ಬರ್ಕಳಿ ಸಾಮಿ."

"ಚೀಲ ಎಲ್ಲಿಂದ ಬಂತು?" ಎಂದು ರಾಯರು ಕೇಳಿದರು.

"ಇದ್ವು ಬುದ್ಧಿ. ಸುತ್ತಿದೆ."

ನಾನು ಬರೆದೆ. ಪೆನ್ನು ಅಲ್ಲಿಗೆ ನಿಲ್ಲಬೇಕಿತ್ತು. ಕೈ ನನ್ನ ಅಪ್ಪಣೆ ಕೇಳದೆ ಇನ್ನೊಂದು ಸಾಲು ಬರೆಯಿತು. ಚೀಲಗಳನ್ನು ಗುಮಾಸ್ತರೇ ಬೇಲಿಯಿಂದ ತಂದು ಕೊಟ್ಟರು ಎಂದು. ಯಾಕೆ ಬರೆದೆ? ಧೈರ್ಯ ಬಂತೆಂದು ಹೇಳಿಕೊಳ್ಳಲು ಇಷ್ಟ, ಆದರೆ ಅದು ನಿಜವಲ್ಲ. ಅವನು 'ತಪ್ಪು ನಂದು' ಎಂದದ್ದನ್ನು ನನ್ನ ಅಕ್ಷರದಲ್ಲಿ ನೋಡಿದಾಗ ತಡೆಯಲಾಗಲಿಲ್ಲ, ಅಷ್ಟೇ.

"ಒಂದ್ಸಲ ಓದೇಳಿ ಸಾಮಿ," ಅಂದ ಮುನಿಯಪ್ಪ. "ಕೇಳ್ದೆ ಎಬ್ಬೆಟ್ಟು ಒತ್ತಲ್ಲ ನಾನು."

ಓದಿದೆ. ಕೊನೆಯ ಸಾಲನ್ನೂ ಬಿಡದೆ ಓದಿದೆ. ಶೆಡ್ಡಿನ ತಗಡಿನ ಮೇಲೆ ಮಳೆ ಬೀಳುತ್ತಿತ್ತು. ರಾಯರು ನಶ್ಯದ ಡಬ್ಬಿಯನ್ನು ತೆರೆದವರು ಹಾಗೇ ಕೈಯಲ್ಲಿ ಹಿಡಿದುಕೊಂಡಿದ್ದರು.

"ಕೊನೇ ಮಾತು ನಾನೇಳಿಲ್ಲ," ಅಂದ ಮುನಿಯಪ್ಪ.

"ಆದ್ರೆ ನಿಜ," ಎಂದೆ.

"ನಿಜ ಇರ್ಬೋದು ಸಾಮಿ. ನಾನೇಳಿದ್ದಲ್ಲ. ನಾನೇಳಿದ್ರ ಕೆಳಗೆ ನನ್ನ ಎಬ್ಬೆಟ್ಟಿರ್ಲಿ. ನಿಮ್ದು ನಿಮ್ಮ ಆಳೇಲಿ ಬರೀರಿ, ನಿಮ್ಮ ಸೈನು ಆಕಿ."

ರಾಯರು ಡಬ್ಬಿ ಮುಚ್ಚಿದರು. ಆ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಹರಿದರು. "ಹೊಸ ಹಾಳೆ ತಗೋ. ಎರಡು," ಎಂದರು.

ಎರಡು ಹೇಳಿಕೆ ಆದವು. ಒಂದರ ಕೆಳಗೆ ಹೆಬ್ಬೆಟ್ಟು, ಇನ್ನೊಂದರ ಕೆಳಗೆ ನನ್ನ ರುಜು. ಮುನಿಯಪ್ಪ ಹೊರಟಾಗ ಮಳೆಯಲ್ಲೇ ಹಿಂದೆ ಓಡಿದೆ. ನನ್ನನ್ನು ಉಳಿಸಲು ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದಿರಲ್ಲ, ಈ ಋಣ ಹೇಗೆ ತೀರಿಸಲಿ ಎಂದು ಏನೇನೋ ಬಡಬಡಿಸಿದೆ. ಅವನು ನಿಂತು ನನ್ನನ್ನು ವಿಚಿತ್ರವಾಗಿ ನೋಡಿದ.

"ನಿಮ್ಮನ್ನ ಉಳ್ಸೋಕಾ? ಅಂಗಂದ್ಕೊಂಡ್ರಾ?" ಎಂದು ಸಣ್ಣಗೆ ನಕ್ಕ. "ಚೀಲ ಯಾರ್ ಕೊಟ್ರೇನು ಸಾಮಿ. ಸುತ್ತೋ ಕೈ ನಂದು. ಸುತ್ತೋ ಮುಂಚೆ ನೋಡಿದ್ರೆ ಆಗೋದು. ನೋಡ್ನಿಲ್ಲ."

ನಾನು ಅಲ್ಲೇ ನೆನೆಯುತ್ತಾ ನಿಂತೆ. ಮೂರು ವಾರ ನಾನು ಅವನ ಔದಾರ್ಯವನ್ನು ನೆನೆದು ಕೊರಗಿದ್ದೆ. ಅಲ್ಲಿ ಔದಾರ್ಯವೇ ಇರಲಿಲ್ಲ. ಅವನು ನನಗಾಗಿ ಸುಳ್ಳು ಹೇಳಿರಲಿಲ್ಲ, ನನ್ನನ್ನು ಕ್ಷಮಿಸಿಯೂ ಇರಲಿಲ್ಲ. ತನ್ನ ಕೆಲಸದಲ್ಲಿ ತನ್ನದು ಎಷ್ಟು ಎಂದು ಅಳೆದು, ಅಷ್ಟನ್ನು ಹೊತ್ತುಕೊಂಡಿದ್ದ. ನನ್ನ ದಪ್ಪ ಪುಸ್ತಕದ ಸಾವಿರ ವರ್ಗಗಳಲ್ಲಿ ಇಂಥ ಮನುಷ್ಯನಿಗೆ ಜಾಗ ಇರಲಿಲ್ಲ. ಆ ಮಳೆಯಲ್ಲಿ ನನಗಾದ ಬೆರಗು ಈ ಎಂಬತ್ತು ದಾಟಿದ ವಯಸ್ಸಿನಲ್ಲೂ ಇಳಿದಿಲ್ಲ.

ರಾಯರು ಎರಡೂ ಹೇಳಿಕೆಗಳನ್ನು ಶಿವರಾಮಯ್ಯನವರಿಗೆ ಓದಿ ಹೇಳಿದರು. ವ್ಯಾಗನ್ ಸೋರಿಲ್ಲ, ಸುತ್ತಿದವನೂ ತಮ್ಮ ಕಡೆಯವನೇ ಎಂದಾದ ಮೇಲೆ ಅವರು ಕ್ಲೇಮ್ ವಾಪಸ್ಸು ತೆಗೆದುಕೊಂಡರು. ರೋಲರನ್ನು ಮತ್ತೆ ಅರೆದು ಹೊಳಪು ಮಾಡಿಸಿ, ಮುನಿಯಪ್ಪನನ್ನೇ ಕರೆಸಿ ಕಟ್ಟಿಸಿದರು. ಈ ಸಲ ಹೊಸ ಗೋಣಿ, ಅದರ ಒಳಗೆ ಎರಡು ಸುತ್ತು ಮೇಣ ಹಚ್ಚಿದ ಬಟ್ಟೆ. ಕಳಿಸಿದ ಮೇಲೆ ತಿಂಗಳೆರಡಾದರೂ ಯಾವ ಕಾಗದವೂ ಬರಲಿಲ್ಲ. ಗೂಡ್ಸ್ ಶೆಡ್ಡಿನಲ್ಲಿ ದೂರು ಬರದಿರುವುದೇ ಸನ್ಮಾನ. ಮುಂದೆ ಬಾಕಿ ಎರಡು ರೋಲರುಗಳೂ ನಮ್ಮಲ್ಲಿಂದಲೇ ಹೋದವು.

ನನ್ನ ಕಾಗದ ಮಾತ್ರ ಬಂತು. ಕೆಲಸ ಹೋಗಲಿಲ್ಲ, ರಾಯರು ಏನೋ ಬರೆದಿರಬೇಕು. ಪ್ರೊಬೇಷನ್ ಇನ್ನೊಂದು ವರ್ಷ ಮುಂದಕ್ಕೆ ಹೋಯಿತು. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಪುರೋಹಿತರಿಗೆ ಬೇಡವೆಂದು ಹೇಳಿ ಬಂದಳು. ಆ ಭಾನುವಾರ ಸೈಕಲ್ ಹತ್ತಿ ಹೆಬ್ಬಾಳ ದಾಟಿ ಕೋಗಿಲಿಗೆ ಹೋದೆ. ಯಾಕೆ ಹೋದೆನೋ, ಯಾರಿಗಾದರೂ ಹೇಳಿಕೊಳ್ಳಬೇಕಿತ್ತು.

ಮುನಿಯಪ್ಪ ಮನೆಯ ಹಿಂದೆ ಆಗತಾನೆ ಕೊಯ್ಯಿಸಿ ತಂದ ಮಾವಿನ ಹಲಗೆಗಳನ್ನು ಒಣಗಲೆಂದು ನಡುವೆ ಕಡ್ಡಿಯಿಟ್ಟು ಒಂದರ ಮೇಲೊಂದು ಪೇರಿಸುತ್ತಿದ್ದರು. ನಾನು ನಿಂತಲ್ಲೇ ಎಲ್ಲ ಹೇಳಿದೆ. ಒಂದು ವರ್ಷ ಪೂರ್ತಿ ಹೋಯಿತು ಎಂದೆ. ಅವರು ಕೆಲಸ ನಿಲ್ಲಿಸದೆ ಕೇಳಿಸಿಕೊಂಡರು.

"ಒಂದ್ ವರ್ಸ ತಾನೆ," ಅಂದರು. "ಈ ಅಲಗೆಗೂ ಅಷ್ಟೇ ಬೇಕು ಸಾಮಿ. ಅಸೀದ್ರಲ್ಲಿ ಪೆಟ್ಟಿಗೆ ಮಾಡಿದ್ರೆ ಸೊಟ್ಟ ಆಯ್ತದೆ."

ಆಮೇಲೆ ಒಂದು ಉದ್ದ ಹಲಗೆಯ ತುದಿ ಎತ್ತಿ, "ಆ ಕಡೆ ಇಡ್ಕಳಿ," ಎಂದರು.

ಸೈಕಲನ್ನು ಬೇಲಿಗೆ ಒರಗಿಸಿ ಹಿಡಿದುಕೊಂಡೆ. ಸಂಜೆಯವರೆಗೂ ಇಬ್ಬರೂ ಹಲಗೆ ಪೇರಿಸಿದೆವು.